ಆಯಿಯ ಬೇರಿನ ಗಂಟು

ಅಕ್ಕಾರ, ತಂಗಿಯಾರ, ಈ ಸಲ ದೀಪಾವಳಿಗೆ ಮಲ್ಲಸಮುದ್ರದ ಮನಿಗೆ ಸುಣ್ಣ ಹಚ್ಚೋಣಂತ ಅಟ್ಟದ ಮ್ಯಾಲಿನ ಸಾಮಾನೆಲ್ಲಾ ಕೆಳಗ ಇಳಿಸಿದ್ವಿ. ಹಿತ್ತಾಳಿ ಕೊಡ, ತೊಟ್ಟಿಲದ ಮುರಿದ ಕಾಲು, ಇಲಿ ಕಡಿದ ಕೌದಿ. ಅವುಗಳ ನಡುವ ಒಂದು ಕೆಂಪು ಅರಿವಿ ಗಂಟು. ಬಿಚ್ಚಿದ ಕೂಡಲೆ ಪಡಸಾಲಿ ತುಂಬ ಬಜಿ ವಾಸನಿ ಹೊಡೀತು. ಕಂಬಕ್ಕ ಆತು ಕುಂತಿದ್ದ ನಮ್ಮ ಚಿಗವ್ವ ಕುಂತಲ್ಲಿಂದನ ಅಂದ್ಲು, "ಅಯ್ಯ, ಇದು ನಮ್ಮತ್ತಿ ಗಂಟಲ್ಲೇನ!"

ಹೌದು, ಆಯಿ ಗಂಟು. ಆಯಿ ಹೋಗಿ 28 ವರ್ಷ ಆತು, ಬಜಿ ವಾಸನಿ ಮಾತ್ರ ಹೋಗಿಲ್ಲ.

ಒಂದೊಂದ ತಗದು ಹಾಸಗಿ ಮ್ಯಾಲೆ ಇಟ್ವಿ. ಬಜಿ, ಅಳಲಿಕಾಯಿ, ಮಾಚಿಕಾಯಿ, ಅರ್ಧ ತೇಯ್ದ ಜಾಜಿಕಾಯಿ, ಜೇಷ್ಠಮಧುವಿನ ಕಡ್ಡಿ, ಹುಳ ತಿಂದ ಅರಿಷಿಣ ಕೊಂಬು, ಮತ್ತ ಬೆರಳುದ್ದದ ಒಂದು ಕರೀ ಬೇರು. ಆ ಬೇರು ಏನಂತ ಯಾರಿಗೂ ಗುರುತು ಹತ್ತಲಿಲ್ಲ. ನಮ್ಮ ಅಣ್ಣನ ಮಗಳು ಧಾರವಾಡದಾಗ ಸೂಕ್ಷ್ಮಜೀವಿಗಳ ಮ್ಯಾಲೆ ಎಂ.ಎಸ್ಸಿ. ಓದಾಕ ಹತ್ಯಾಳ. ಆಕಿ ಅಳಲಿಕಾಯಿ ಕೈಯಾಗ ಹಿಡದು, "ಅತ್ತಿ, ಇದರಾಗ ಅರ್ಧಕ್ಕರ್ಧ ನಾವು ಕಾಲೇಜಿನಾಗ ಟೆಸ್ಟ್ ಮಾಡೇವಿ. ಖರೇನ ಕ್ರಿಮಿ ಸಾಯತಾವ" ಅಂದ್ಲು. ಮನ್ಯಾಗಿನ ಹಿರ್ಯಾರಿಗೆಲ್ಲಾ ಖುಷಿ ಆತು. "ನಾವು ಹೇಳಿದ್ರ ನೀವು ಕೇಳತಿದ್ದಿಲ್ಲ, ಈಗ ಕಾಲೇಜಿನ್ಯಾರು ಹೇಳಿದ್ರು ನೋಡು" ಅಂದ್ರು. ಚಿಗವ್ವ ಒಬ್ಬಾಕಿ ಮಾತಾಡಲಿಲ್ಲ. ಬಲಗಾಲು ಸೀರಿ ನೆರಿಗಿ ಒಳಗ ಸರಿಸಿಕೊಂಡ್ಲು.

ಆಕಿ ಯಾಕ ಸುಮ್ಮನಾದ್ಲು ಅನ್ನೋದನ್ನ ಮುಂದ ಹೇಳತೇನಿ. ಮೊದಲ ಈ ಗಂಟಿನ ಹಿಂದಿನ ಕಥಿ ಕೇಳ್ರಿ.

ಗಂಟು ಎಲ್ಲೆಲ್ಲಿಂದ ಬಂದಿತ್ತು

ಆಯಿ ಔಷಧಿ ಅಂದ್ರ ಎಲ್ಲಾ ಕಪ್ಪತಗುಡ್ಡದಿಂದ ಬಂದದ್ದು ಅಂತ ನಾನು ಸಣ್ಣಾಕಿದ್ದಾಗ ತಿಳಕೊಂಡಿದ್ದೆ. ಅರ್ಧ ಖರೇ. ಆಡುಸೋಗಿ, ಲಕ್ಕಿ ತಪ್ಪಲ, ಅಮೃತಬಳ್ಳಿ, ತಂಗಡಿ ಹೂವು ಇವೆಲ್ಲಾ ಗುಡ್ಡದ್ದು, ಇಲ್ಲಾಂದ್ರ ನಮ್ಮ ಹೊಲದ ಬದುವಿಂದು. ಆದ್ರ ಗಂಟಿನಾಗ ಇದ್ದದ್ದು ಬ್ಯಾರೆ ಲೆಕ್ಕ. ಜಾಜಿಕಾಯಿಯ ತವರು ಇಂಡೋನೇಷ್ಯಾದ ಬಂಡಾ ದ್ವೀಪ. ನಮ್ಮ ಕರಾವಳಿ ತ್ವಾಟದಾಗ ಅದು ಬೆಳದದ್ದು ಭಾಳ ಆಮ್ಯಾಲೆ. ಮಾಚಿಕಾಯಿ ಅಂತೀವಲ್ಲ, ಅದು ಕಾಯಿನ ಅಲ್ಲ. ತುರ್ಕಿ, ಇರಾನ್ ಕಡೆ ಬೆಳೆಯೋ ಓಕ್ ಗಿಡದ ಟೊಂಗಿಗೆ ಒಂದು ಹುಳ ತತ್ತಿ ಇಟ್ಟಾಗ ಗಿಡ ಅದರ ಸುತ್ತ ಕಟ್ಟಿಕೊಳ್ಳೋ ಗಂಟು ಅದು. ಜೇಷ್ಠಮಧು ಸುದ್ದಾ ವಾಯವ್ಯದ ಕಡಿಯಿಂದ ಬರೋ ಸಾಮಾನು. ಸಂತಿ ಮಾಡಾಕ ಗದಗಿಗೆ ಹೋದಾಗ ಕಿರಾಣಿ ಅಂಗಡ್ಯಾಗ ನಾಲ್ಕಾಣೆಕ್ಕ ಆಯಿ ತರತಿದ್ದ ಪುಡಿಕಿಯೊಳಗ ಅರ್ಧ ಜಗತ್ತಿತ್ತು.

ಇನ್ನೊಂದು ಮಜಾ ಹೇಳತೇನಿ. ಹೊಲದಾಗ ಕುಡಗೋಲು ತಾಕಿದ್ರ ತಪ್ಪಲ ತಿಕ್ಕಿ ರಸ ಹಿಂಡತೀವಲ್ಲ, ಬಿಳಿ ಪಕಳಿ, ಹಳದಿ ನಡುವಿನ ಸಣ್ಣ ಹೂವಿನ ಗಿಡ. ಕೆಲವರು ಗಬ್ಬು ಸಾವಂತಿ ಅಂತಾರ, ಪುಸ್ತಕದಾಗ ಟ್ರೈಡ್ಯಾಕ್ಸ್ ಅಂತ ಬರೀತಾರ. "ನಮ್ಮ ಹಿರ್ಯಾರ ಕಾಲದ್ದು" ಅಂತೀವಿ. ಅದು ಅಮೆರಿಕ ಖಂಡದ ಗಿಡ! ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಿರ್ಯಾರು ಪೋರ್ಚುಗೀಸರ ಹಡಗಿನಾಗ ಬಂದಂಗ ಇದೂ ಕಡಲ ದಾಟಿ ಬಂದು ನಮ್ಮ ಬದುವಿನ್ಯಾಗ ಬೇರು ಬಿಟ್ಟದ್ದು. ಯಾವಾಕಿಯೋ ಒಬ್ಬಾಕಿ ಹೊಸಾ ಗಿಡ ನೋಡಿ, ತಿಕ್ಕಿ, ಮೂಸಿ, ಗಾಯಕ್ಕ ಹಚ್ಚಿ, ರಗತ ನಿಂತದ್ದು ಕಂಡು ಬಾಜು ಮನಿಯಾಕಿಗೆ ಹೇಳಿದ್ಲು. ಅಂದ್ರ ಹಿರ್ಯಾರ ಔಷಧಿ ಅನ್ನೋದು ಕಟ್ಟಿ ಇಟ್ಟ ಬುತ್ತಿ ಅಲ್ಲ. ಅವರೂ ನೋಡಿ, ತಿಳಿದು, ಹೊಸಾದು ಸೇರಿಸಿಕೋತ ಬಂದವರ.

ನಂಜು ಅನ್ನೋ ಮಾತು

ಹಂಗಂತ ಹಳೇದು ಏನೂ ಇಲ್ಲ ಅಂತಲ್ಲ. ನಮ್ಮ ಸೀಮಿ ಕಲ್ಯಾಣ ಚಾಲುಕ್ಯರ ಸೀಮಿ. ಗದಗಿನಿಂದ 11-12 ಕಿಲೋಮೀಟರ್ ಹೋದ್ರ ಲಕ್ಕುಂಡಿ, ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಐತಿ. ಆ ಚಾಲುಕ್ಯರ ಜಯಸಿಂಹ ಆಳೂವಾಗ, 1025ರ ಸುಮಾರಿಗೆ, ಎರಡನೇ ಚಾವುಂಡರಾಯ ಅನ್ನೋ ಕವಿ ಕನ್ನಡದಾಗ 'ಲೋಕೋಪಕಾರ' ಬರೆದ. ಹೆಸರಿನಂಗನ ಲೋಕಕ್ಕ ಉಪಕಾರ ಆಗೋ ಸಂಗತಿ ಅದರಾಗ: ಬಾವಿ ನೀರು, ಗಿಡ ಬೆಳೆಸೋದು, ಅಡಗಿ, ದನದ ಬ್ಯಾನಿ, ಮಂದಿ ಬ್ಯಾನಿ. ನೂರು ವರ್ಷ ಆದ ಮ್ಯಾಲೆ ಚಾಲುಕ್ಯ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದ, ದನಕರಗಳ ಔಷಧಿ ಪುಸ್ತಕ. 14ನೇ ಶತಮಾನದಾಗ ಮಂಗರಾಜ 'ಖಗೇಂದ್ರಮಣಿದರ್ಪಣ' ಬರೆದ. ಅದು ಪೂರಾ ವಿಷದ ಮ್ಯಾಲೆ, ವಿಷ ಇಳಿಸೋ ಗಿಡಮೂಲಿಕೆ ಮ್ಯಾಲೆ.

ವಿಷಕ್ಕ ನಾವು ನಂಜು ಅಂತೀವಿ. ಗಾಯ ಕೆಂಪಾಗಿ, ಬಾತು, ಕೀವು ಕಟ್ಟಿದ್ರೂ "ನಂಜಾತು" ಅಂತೀವಿ. ಹಾವಿನ ಬಾಯಾಗಿಂದಕ್ಕೂ ಮುಳ್ಳಿನ ಗಾಯದಾಗಿಂದಕ್ಕೂ ಒಂದ ಹೆಸರು. ಕ್ರಿಮಿ ಅನ್ನೋದನ್ನ ಕಣ್ಣಿಲೆ ಕಾಣದ ಕಾಲದಾಗ, ಹೊರಗಿಂದ ಏನೋ ಒಳಗ ಹೊಕ್ಕು ಮೈಯಾಗ ಏರತೈತಿ ಅನ್ನೋದು ನಮ್ಮ ಮಂದಿಗೆ ತಿಳಿದಿತ್ತು. ಏನು ಹೊಕ್ತು ಅನ್ನೋದು ಮಾತ್ರ ತಿಳಿದಿದ್ದಿಲ್ಲ.

ಈ ಪುಸ್ತಕ ಬರೆದವರೆಲ್ಲಾ ಗಂಡಸರು. ತೇಯ್ದಾಕಿ, ಕುದಿಸಿದಾಕಿ, ಕಟ್ಟು ಕಟ್ಟಿದಾಕಿ ಪುಸ್ತಕದಾಗ ಇಲ್ಲ. ಆಕಿ ಸಾಣಿಕಲ್ಲಿನ ಕುಣಿಯೊಳಗ ಅದಾಳ, ನಮ್ಮ ಮನಿ ಕಲ್ಲು ನೋಡ್ರಿ ಬೇಕಾದ್ರ.

ಅಡಗಿಮನಿಯಿಂದ ಹೋದ ತಾಟು

ಏನು ಹೊಕ್ತು ಅನ್ನೋದನ್ನ ಕಂಡು ಹಿಡಿದವರು ಯುರೋಪಿನ ಪಾಶ್ಚರ್, ಕೋಕ್ ಇವರು. ಜರ್ಮನಿಯ ರಾಬರ್ಟ್ ಕೋಕ್ 1882ರಾಗ ಕ್ಷಯದ ಕ್ರಿಮಿ ತೋರಿಸಿದ. 1884ರ ಹೊತ್ತಿಗೆ ನಮ್ಮ ಕಲ್ಕತ್ತಾಕ್ಕೂ ಬಂದು ಕಾಲರಾದ ಕ್ರಿಮಿ ಬೆಳೆಸಿದ. ಆದ್ರ ಕ್ರಿಮಿಯನ್ನ ಬ್ಯಾರೆ ಬ್ಯಾರೆ ಮಾಡಿ ಬೆಳೆಸಬೇಕಂದ್ರ ಗಟ್ಟಿ ಹಾಸಗಿ ಬೇಕು. ಮೊದಲ ಆಲೂಗಡ್ಡಿ ಹೋಳಿನ ಮ್ಯಾಲೆ ಬೆಳೆಸಿದ್ರು, ಆಮ್ಯಾಲೆ ಜಿಲೆಟಿನ್ ಮ್ಯಾಲೆ. ಬ್ಯಾಸಗಿಗೆ ಜಿಲೆಟಿನ್ ಕರಗಿ ನೀರಾಗತಿತ್ತು.

ಆಗ ದಾರಿ ತೋರಿಸಿದಾಕಿ ಒಬ್ಬ ಹೆಣ್ಣಮಗಳು. ಫ್ಯಾನಿ ಹೆಸ್ಸೆ ಅಂತ. ಗಂಡ ವಾಲ್ಟರ್ ಹೆಸ್ಸೆ ಕೋಕ್ ಹತ್ರ ಕೆಲಸ ಮಾಡತಿದ್ದ. "ನಿನ್ನ ಹಣ್ಣಿನ ಜೆಲ್ಲಿ ಬಿಸಿಲಿಗೆ ಯಾಕ ಕರಗೂದಿಲ್ಲ?" ಅಂತ ಕೇಳಿದ್ದಕ್ಕ ಆಕಿ ತಾನು ಹಾಕತಿದ್ದ ಅಗರ್ ಹೆಸರು ಹೇಳಿದ್ಲು. ಜಾವಾದಾಗ ಇದ್ದು ಬಂದ ಬಾಜು ಮನಿಯವರಿಂದ ಆಕಿ ಅದನ್ನ ಕಲಿತಿದ್ಲು. ಅದು ಸಮುದ್ರದ ಪಾಚಿಯಿಂದ ಮಾಡಿದ್ದು, ನಾವು ಚೈನಾ ಗ್ರಾಸ್ ಅಂತ ತಂದು ಸಿಹಿ ಮಾಡತೀವಲ್ಲ, ಅದ. ಇದು 1881ರ ಮಾತು. 1887ರಾಗ ಪೆಟ್ರಿ ಅನ್ನಾಂವ ಮುಚ್ಚಳ ಇರೋ ಗಾಜಿನ ತಾಟು ಮಾಡಿದ. ಇವತ್ತಿಗೂ ಜಗತ್ತಿನ ಎಲ್ಲಾ ಲ್ಯಾಬಿನಾಗ ಅದ ತಾಟು, ಅದ ಅಗರ್. ತಾಟಿನ ಹೆಸರು ಪೆಟ್ರಿಗೆ ಹೋತು, ಅಡಗಿಮನಿಯಾಕಿ ಹೆಸರು ಭಾಳ ಮಂದಿಗೆ ಗೊತ್ತಿಲ್ಲ.

ಮೂರು ದಿನದ ಲೆಕ್ಕ

ಇತ್ಲಾಗ ನಮ್ಮ ಕಡೆ ಏನು ನಡದಿತ್ತು? 1896ರಾಗ ಮುಂಬೈಗೆ ಬಂದ ಪ್ಲೇಗು 1898ರ ಹೊತ್ತಿಗೆ ಧಾರವಾಡ ಜಿಲ್ಲಾ ಹೊಕ್ತು. ಗದಗ ಆಗ ಧಾರವಾಡ ಜಿಲ್ಲಾದಾಗ ಇತ್ತು, ಬ್ಯಾರೆ ಜಿಲ್ಲಾ ಆದದ್ದು 1997ರಾಗ. ಊರು ಬಿಟ್ಟು ಹೊಲದಾಗ ಗುಡಿಸಲ ಹಾಕ್ಕೊಂಡು ಇದ್ದದ್ದನ್ನ ಆಯಿಯ ಅವ್ವ ಆಯಿಗೆ ಹೇಳಿದ್ಲು, ಆಯಿ ನಮಗ ಹೇಳಿದ್ಲು. "ಬೇವಿನ ತಪ್ಪಲ ಕಟ್ಟಿದ್ರು, ಅರಿಷಿಣ ಹಚ್ಚಿದ್ರು, ಗಡ್ಡಿ ಎದ್ದಾಂವ ಎದ್ದ ಹೋದ. ಆ ಬ್ಯಾನಿಗೆ ನಮ್ಮ ಗಂಟಿನಾಗ ಏನೂ ಇದ್ದಿಲ್ಲ" ಅಂತಿದ್ಲು. ಆಯಿ ಬಾಯಿಂದ ಈ ಮಾತು ಕೇಳಿದ್ದು ನನಗ ಇವತ್ತಿಗೂ ನೆನಪೈತಿ. ತನ್ನ ಗಂಟಿನ ಮ್ಯಾಲೆ ಜೀವ ಇಟ್ಟಾಕಿ, ಅದಕ್ಕ ಆಗದ್ದು ಯಾವುದು ಅಂತನೂ ಹೇಳತಿದ್ಲು.

ಬೆಟಗೇರಿಯೊಳಗ ಬಾಸೆಲ್ ಮಿಶನ್ನಿನವರು ದವಾಖಾನಿ ತಗದಿದ್ರು. ಮಂದಿ ಅದಕ್ಕ ಜರ್ಮನ್ ದವಾಖಾನಿ ಅಂತಿದ್ರು. ಗಾಯ ಆದವರು ಆಯಿ ಹತ್ರ ಬಂದ್ರ ಆಯಿ ಮೊದಲ ಸಾಣಿಕಲ್ಲು ತೊಳದು ಬಿಸಿನೀರು ಸುರವತಿದ್ಲು. ಗಾಯ ಕುದಿಸಿ ಆರಿಸಿದ ನೀರಿಲೆ ತೊಳದು, ಅರಿಷಿಣನೋ ತಪ್ಪಲ ರಸನೋ ಹಚ್ಚಿ, ಒಗದು ಬಿಸಿಲಿಗೆ ಒಣಗಿಸಿದ ಅರಿವಿ ಕಟ್ಟತಿದ್ಲು. ಆಮ್ಯಾಲೆ ಹೇಳೋ ಮಾತು ಒಂದ: "ಮೂರು ಹೊತ್ತು ಮೂಡಿದ ಮ್ಯಾಲೂ ಕೆಂಪು ಇಳೀಲಿಲ್ಲಂದ್ರ ನನ್ನ ಹತ್ರ ಬರಬ್ಯಾಡ, ಗಾಡಿ ಹೂಡಿ ಬೆಟಗೇರಿಗೆ ನಡಿ." ಆ ಮೂರು ದಿನದ ಲೆಕ್ಕ ನೆನಪಿಡ್ರಿ.

ತಪ್ಪೂ ಆಗತಿದ್ದವು. ಕೂಸಿನ ಹೊಕ್ಕಳಿಗೆ ಬೂದಿ, ಸೆಗಣಿ ಹಚ್ಚೋ ಪದ್ಧತಿ ಎಷ್ಟೋ ಕಡೆ ಇತ್ತು. ಎಂಟೊಂಬತ್ತು ದಿನದ ಕೂಸು ಸೆಟದು ಹೋಗೋದು ಧನುರ್ವಾಯುವಿಂದ ಅಂತ ಆಗ ಗೊತ್ತಿದ್ದಿಲ್ಲ. ಬಸುರ್ಯಾರಿಗೆ ಟಿ.ಟಿ. ಇಂಜೆಕ್ಷನ್, ಸ್ವಚ್ಛ ಬ್ಲೇಡು, ದವಾಖಾನ್ಯಾಗ ಹೆರಿಗಿ ಬಂದ ಮ್ಯಾಲೆ ಅದು ಕಡಿಮಿ ಆಗಿ, 2015ರಾಗ ಭಾರತ ಬಾಣಂತಿ-ಕೂಸಿನ ಧನುರ್ವಾಯು ಗೆದ್ದೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತು. ಹಳೇದೆಲ್ಲಾ ಬಂಗಾರ ಅಲ್ಲ, ಹಿತ್ತಾಳಿನೂ ಇತ್ತು, ವಿಷಾನೂ ಇತ್ತು.

ತಾಟಿನ್ಯಾಗ ಕಂಡದ್ದು ಏನು

1928ರಾಗ ಲಂಡನ್ನಿನ ಫ್ಲೆಮಿಂಗ್ ಅದ ಗಾಜಿನ ತಾಟಿನ್ಯಾಗ ಬೂಷ್ಟಿನ ಸುತ್ತ ಕ್ರಿಮಿ ಬೆಳೀದ ಜಾಗ ಕಂಡ. ಅದರಿಂದ ಪೆನ್ಸಿಲಿನ್ ಬಂತು. ನಮ್ಮ ದೇಶದಾಗ ಪುಣೆ ಹತ್ರ ಪಿಂಪರಿಯೊಳಗ ಸರಕಾರದ ಹಿಂದುಸ್ತಾನ್ ಆಂಟಿಬಯಾಟಿಕ್ಸ್ 1954ರಾಗ ಸುರು ಆತು. ಅಲ್ಲಿಂದ ಮುಂದ ಗಿಡಮೂಲಿಕಿಯನ್ನೂ ಅದ ತಾಟಿನ್ಯಾಗ ಇಟ್ಟು ನೋಡಾಕ ಹತ್ತಿದ್ರು. ಇವತ್ತು ಧಾರವಾಡದ ಯುನಿವರ್ಸಿಟಿ ಇರಲಿ, ಬೆಳಗಾವಿಯೊಳಗ ಐ.ಸಿ.ಎಂ.ಆರ್.ನ ಸಾಂಪ್ರದಾಯಿಕ ವೈದ್ಯದ ಸಂಶೋಧನಾ ಸಂಸ್ಥೆ ಇರಲಿ, ನೋಡೋ ರೀತಿ ಹೆಚ್ಚುಕಡಿಮಿ ಒಂದ.

ಅಣ್ಣನ ಮಗಳು ಹಿಂಗ ಹೇಳಿದ್ಲು. ತಪ್ಪಲ ನೆರಳಿಗೆ ಒಣಗಿಸಿ ಪುಡಿ ಮಾಡತಾರ. ಒಂದಿಷ್ಟು ನೀರಿನ್ಯಾಗ, ಒಂದಿಷ್ಟು ಅಲ್ಕೋಹಾಲಿನ್ಯಾಗ ನೆನೆ ಇಟ್ಟು, ಸೋಸಿ, ಆರಿಸಿ ಸಾರ ತಗೀತಾರ. ಅಗರ್ ಮ್ಯಾಲೆ ಕ್ರಿಮಿ ಸವರಿ, ಸಾರ ನೆನೆಸಿದ ಕಾಗದದ ಬಿಲ್ಲಿ ಇಟ್ಟು ಒಂದು ರಾತ್ರಿ ಬೆಚ್ಚಗ ಬಿಡತಾರ. ಮರುದಿನ ಬಿಲ್ಲಿ ಸುತ್ತ ಕ್ರಿಮಿ ಬೆಳೀದ ತೆಳು ಉಂಗುರ ಕಂಡ್ರ ಅದನ್ನ ಮಿಲಿಮೀಟರಿನ್ಯಾಗ ಅಳೀತಾರ. ಉಂಗುರ ದೊಡ್ಡದಾದಷ್ಟು ಸಾರ ಜೋರು.

ಅಳಲಿಕಾಯಿ, ಮಾಚಿಕಾಯಿ ಉಂಗುರ ಚೆನ್ನಾಗಿ ಬೀಳತಾವ. ಕಾರಣ ಏನು ಗೊತ್ತೇನು? ಒಗರು. ಒಗರು ಅಂದ್ರ ಟ್ಯಾನಿನ್. ಅಳಲಿಕಾಯಿ ಕಡಿದ್ರ ಬಾಯಿ ಜಗ್ಗತೈತಲ್ಲ, ನಮ್ಮ ಉಗುಳಿನ್ಯಾಗಿನ ಪ್ರೋಟೀನನ್ನ ಅದು ಹಿಡದು ಬಿಗೀತೈತಿ. ಕ್ರಿಮಿಯ ಮೈಮ್ಯಾಲಿನ ಪ್ರೋಟೀನಿಗೂ ಹಂಗ ಮಾಡತೈತಿ. ಚರ್ಮ ಹದ ಮಾಡೋದೂ ಇದ ಗುಣದಿಂದ. ಬ್ರಿಟಿಷರ ಕಾಲದಾಗ ಅಳಲಿಕಾಯಿ ಹಡಗು ತುಂಬಿ ವಿಲಾಯತಿ ಚರ್ಮದ ಕಾರಖಾನಿಗೆ ಹೋಗತಿತ್ತು. ನಮ್ಮ ತಂಗಡಿ ತೊಗಟಿಲೂ ಚರ್ಮ ಹದ ಮಾಡತಿದ್ರು. ಆಯಿ ನಾಲಿಗಿಲೆ ಅಳದದ್ದನ್ನ ಇವರು ಮಿಲಿಮೀಟರಿನ್ಯಾಗ ಅಳದ್ರು.

ಇಷ್ಟು ಖುಷಿ ಮಾತು. ಇನ್ನ ಮೂರು ಮಾತು ಪೂರ್ತಿ ಕೇಳ್ರಿ.

ಒಂದು, ಭಾಳ ಗಿಡದಾಗ ಅಲ್ಕೋಹಾಲಿನ ಸಾರ ಜೋರು, ನೀರಿನ ಸಾರ ಮೆತ್ತಗ. ನಾವು ಮನ್ಯಾಗ ಮಾಡೋದು ನೀರಿನ ಕಷಾಯ. ಲ್ಯಾಬಿನ್ಯಾಗಿನ ಉಂಗುರ ನಮ್ಮ ಲೋಟಕ್ಕ ಹಂಗ ಬರೂದಿಲ್ಲ.

ಎರಡು, ಎಲ್ಲಾ ಕ್ರಿಮಿ ಒಂದ ನಮೂನಿ ಅಲ್ಲ. ಕುರುವಿನ್ಯಾಗ, ಗಾಯದಾಗ ಇರೋ ಸ್ಟೆಫಿಲೋಕಾಕಸ್ ಗಿಡದ ಸಾರಕ್ಕ ಲಗೂನ ಬಗ್ಗತೈತಿ. ಇ. ಕೋಲಿ, ಸೂಡೋಮೊನಾಸ್ ಇವಕ್ಕ ಮೈಮ್ಯಾಲೆ ಇನ್ನೊಂದು ಪದರ ಐತಿ, ಸಾರ ಒಳಗ ಹೋಗಾಕ ಬಿಡೂದಿಲ್ಲ.

ಮೂರು, ಅಳತಿ. ತಾಟಿನ್ಯಾಗ ಇಡೋ ಸಿಪ್ರೋಫ್ಲಾಕ್ಸಾಸಿನ್ ಬಿಲ್ಲಿಯೊಳಗ ಇರೋ ಔಷಧಿ 5 ಮೈಕ್ರೋಗ್ರಾಂ. ಗಿಡದ ಸಾರ ಸಾಮಾನ್ಯ ಮಿಲಿಗ್ರಾಂ ಲೆಕ್ಕದಾಗ ಬೇಕು. ಒಂದು ಮಿಲಿಗ್ರಾಂ ಅಂದ್ರ 1000 ಮೈಕ್ರೋಗ್ರಾಂ. ಮೈಮ್ಯಾಲೆ ಹಚ್ಚಿದಾಗ ಅಷ್ಟು ಗಟ್ಟಿ ಸಾರ ಗಾಯಕ್ಕ ಸಿಕ್ಕೀತು. ಕುಡದ್ರ ಹೊಟ್ಯಾಗ ಕರಗಿ, ಮೈಯೆಲ್ಲಾ ಹಂಚಿ ಹೋಗಿ, ಕಾಲಿನ ಬೆರಳಿಗೆ ಎಷ್ಟು ಮುಟ್ಟೀತು?

ಗಿಡದಿಂದ ಖರೇ ಔಷಧಿ ಆದದ್ದೂ ಐತಿ. ಆಡುಸೋಗಿಯೊಳಗಿನ ವ್ಯಾಸಿಸಿನ್ ಅನ್ನೋ ಅಂಶ ನೋಡಿ ಬ್ರೋಮ್ಹೆಕ್ಸಿನ್ ಮಾಡಿದ್ರು, ಕೆಮ್ಮಿನ ಸಿರಪ್ಪಿನ ಬಾಟಲಿ ಮ್ಯಾಲೆ ಓದಿ ನೋಡ್ರಿ. ಹಂಗ ಬಿಡಬೇಕಾದ್ದೂ ಐತಿ. ಕೂಸಿಗೆ ತೇಯ್ದು ನೆಕ್ಕಿಸೋ ಬಜಿಯೊಳಗ ಅಸರೋನ್ ಅನ್ನೋ ಅಂಶ ಇಲಿಗಳ ಮೈಯಾಗ ಗಡ್ಡಿ ಎಬ್ಬಿಸ್ತು ಅಂತ 1968ರಾಗ ಅಮೆರಿಕದವರು ಅದನ್ನ ತಿನ್ನೋ ಪದಾರ್ಥದಾಗ ಹಾಕಬಾರದು ಅಂತ ಮಾಡಿದ್ರು. ಆರು ತಿಂಗಳ ಮಟಾ ಕೂಸಿಗೆ ತಾಯಿ ಹಾಲು ಒಂದ ಸಾಕು ಅಂತ ಡಾಕ್ಟರು ಹೇಳೋದಕ್ಕ ನಾನೂ ಕೈ ಎತ್ತೇನಿ. ನಮ್ಮ ಮನ್ಯಾಗ ಈಗ ಗುಟ್ಟಿ ಹಾಕೋದು ಬಿಟ್ಟೇವಿ.

ಬದನಿಕಾಯಿ ಕಪ್ಪಾಗೋದು, ಎಣ್ಣಿ ಕಮಟಾಗೋದು

ಈಗ ಎಲ್ಲಾ ಡಬ್ಬಿ ಮ್ಯಾಲೂ "ಆಂಟಿ ಆಕ್ಸಿಡೆಂಟ್" ಅಂತ ಬರದಿರತಾರ. ಅದೇನು ದೊಡ್ಡ ಮಾತಲ್ಲ. ಹೆಚ್ಚಿದ ಬದನಿಕಾಯಿ ಕಪ್ಪಾಗತೈತಿ, ಕುಸುಬಿ ಎಣ್ಣಿ ಹಳೇದಾದ್ರ ಕಮಟು ವಾಸನಿ ಬರತೈತಿ. ಗಾಳ್ಯಾಗಿನ ಆಮ್ಲಜನಕ ಮಾಡೋ ಕೆಲಸ ಅದು. ಮೈಯೊಳಗೂ ಅಂಥಾ ಕೆಲಸ ನಡದಿರತೈತಿ. ಅದನ್ನ ತಡಿಯೋ ಪದಾರ್ಥಕ್ಕ ಆ ಹೆಸರು. ಉಪ್ಪಿನಕಾಯಿಗೆ ಅರಿಷಿಣ, ಸಾಸಿವಿ, ಮೆಂತೆ ಪುಡಿ ಹಾಕತೀವಲ್ಲ, ರುಚಿಗೆ ಅಷ್ಟ ಅಲ್ಲ, ಎಣ್ಣಿ ಕೆಡೋದನ್ನೂ ಅವು ತಡೀತಾವ.

ಅಳಿಯೋ ರೀತಿನೂ ಚಂದ ಐತಿ. ಡಿ.ಪಿ.ಪಿ.ಎಚ್. ಅನ್ನೋ ನೇರಳಿ ಬಣ್ಣದ ನೀರಿಗೆ ಗಿಡದ ಸಾರ ಹಾಕತಾರ. ಸಾರದಾಗ ಕಸುವಿದ್ರ ನೇರಳಿ ಹೋಗಿ ಹಳದಿ ಆಗತೈತಿ. 1958ರಾಗ ಬ್ಲಾಯ್ಸ್ ಅನ್ನಾಂವ ಇದನ್ನ ಬರೆದ. ನೆಲ್ಲಿಕಾಯಿ, ಅಳಲಿಕಾಯಿ ಇದರಾಗ ಮುಂದ ಅದಾವ.

ಆದ್ರ ಟ್ಯೂಬಿನ ಬಣ್ಣ ನೋಡಿ ಮೈಗೆ ಒಳ್ಳೇದು ಅನ್ನೋದು ಅವಸರ. ಫಿನ್ಲೆಂಡಿನ್ಯಾಗ 29 ಸಾವಿರಕ್ಕೂ ಹೆಚ್ಚು ಸಿಗರೇಟು ಸೇದೋ ಗಂಡಸರನ್ನ ಸೇರಿಸಿ, ಒಂದಿಷ್ಟು ಮಂದಿಗೆ ಬೀಟಾ ಕ್ಯಾರೊಟಿನ್ ಗುಳಿಗಿ ವರ್ಷಗಟ್ಟಲೆ ಕೊಟ್ರು. ಅದೂ ಆಂಟಿ ಆಕ್ಸಿಡೆಂಟ್. ಕ್ಯಾನ್ಸರ್ ತಪ್ಪೀತು ಅಂತ ಆಸಿ ಇತ್ತು. 1994ರಾಗ ಲೆಕ್ಕ ನೋಡಿದ್ರ ಗುಳಿಗಿ ತಗೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಗಜ್ಜರಿ ತಿನ್ನೋದು ಬ್ಯಾರೆ, ಗಜ್ಜರಿ ಸತ್ವ ಗುಳಿಗಿ ಮಾಡಿ ನುಂಗೋದು ಬ್ಯಾರೆ.

ನಮ್ಮ ಬೆಂಗಳೂರಿನದೂ ಒಂದು ಕೇಳ್ರಿ. ಅರಿಷಿಣದ ಕರ್ಕ್ಯುಮಿನ್ ಕುಡದ್ರ ರಗತದಾಗ ಸೇರೋದು ಭಾಳ ಕಡಿಮಿ. 1998ರಾಗ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೋಡಿ 20 ಮಿಲಿಗ್ರಾಂ ಪೈಪರಿನ್, ಅಂದ್ರ ಕರಿಮೆಣಸಿನ ಖಾರದ ಅಂಶ, ಕೊಟ್ಟು ನೋಡಿದ್ರು. ಸೇರೋದು 20 ಪಟ್ಟು ಏರಿತ್ತು. ಅರಿಷಿಣ ಹಾಲಿಗೆ ಎರಡು ಮೆಣಸಿನಕಾಳು ಜಜ್ಜಿ ಹಾಕತಿದ್ದ ಆಯಿ ನೆನಪಾದ್ಲು. ಮೆಣಸು ಹಂಗ ಬ್ಯಾರೆ ಗುಳಿಗಿಯ ಕಸುವನ್ನೂ ಏರಿಸಬಹುದು. ಅದಕ್ಕ ದಿನಾ ಗುಳಿಗಿ ತಗೊಳ್ಳೋರು ಇಂಥಾ ಸತ್ವದ ಡಬ್ಬಿ ತರೂಕಿಂತ ಮೊದಲ ಡಾಕ್ಟರಿಗೆ ಕೇಳ್ರಿ. ಸಾರಿನ ಮೆಣಸಿಗೆ ಅಂಜಬ್ಯಾಡ್ರಿ.

ಚಿಗವ್ವನ ಬೆರಳು

ಈಗ ಚಿಗವ್ವನ ಮಾತು. ಆಕಿ ಹೇಳು ಅಂದಿದ್ದಕ್ಕ ಬರ್ಯಾಕ ಹತ್ತೇನಿ.

ಆಕಿಗೆ ಸಕ್ಕರಿ ಬ್ಯಾನಿ ಬಂದು ಹನ್ನೊಂದು ವರ್ಷ. ಹೋದ ವರ್ಷ ಹೆಸರು ಬಿಡಿಸಾಕ ಹೋದಾಗ ಬಲಗಾಲಿನ ಬೆರಳಿಗೆ ಜಾಲಿ ಮುಳ್ಳು ಹೊಕ್ತು. ಸಕ್ಕರಿ ಇದ್ದವರಿಗೆ ಕಾಲಿನ ನೋವು ಸರಿ ತಿಳಿಯೂದಿಲ್ಲ, ಆಕಿಗೂ ತಿಳೀಲಿಲ್ಲ. ಎರಡು ದಿನ ಬಿಟ್ಟು ಬಾವು ಕಂಡಾಗ ಬದುವಿನ ತಪ್ಪಲ ಕಿತ್ತು, ಹೊಲದಾಗಿನ ಕಲ್ಲಿನ ಮ್ಯಾಲೆ ಜಜ್ಜಿ, ಸೆರಗಿನ ಚೂರು ಕಟ್ಟಿಕೊಂಡ್ಲು. "ನಮ್ಮತ್ತಿ ಇದನ್ನ ಹಚ್ಚತಿದ್ರು" ಅಂದ್ಲು. ನಾನೂ ಅಲ್ಲೇ ಇದ್ದೆ, ಹೌದು ಅಂದೆ. ನಡುವ ನೋವು ಅಂದಾಗ ಅಂಗಡಿಯಿಂದ ಆಂಟಿಬಯಾಟಿಕ್ ನಾಲ್ಕು ಗುಳಿಗಿ ತಂದು ಕೊಟ್ವಿ, ಚೀಟಿ ಇಲ್ಲ, ಡಾಕ್ಟರಿಲ್ಲ. ಎರಡು ತಗೊಂಡು, ಹಗುರಾತು ಅಂತ ಎರಡು ತಗದಿಟ್ಲು. ಹನ್ನೆರಡು ದಿನ ಹಿಂಗ ಹೋತು. ಹದಿಮೂರನೇ ದಿನ ಬೆರಳು ಕಪ್ಪಾಗಿತ್ತು.

ದೊಡ್ಡ ದವಾಖಾನ್ಯಾಗ ಕೀವು ತಗದು ಕಲ್ಚರ್ ಮಾಡಿಸಿದ್ರು. ಕಲ್ಚರ್ ಅಂದ್ರ ಅದ ಗಾಜಿನ ತಾಟು, ಅದ ಅಗರ್. 1966ರಾಗ ಬಾವರ್, ಕಿರ್ಬಿ ಮತ್ತ ಅವರ ಜೊತಿಗಾರರು ಗೊತ್ತು ಮಾಡಿದ ರೀತಿಯಿಂದ ಬ್ಯಾರೆ ಬ್ಯಾರೆ ಆಂಟಿಬಯಾಟಿಕ್ ಬಿಲ್ಲಿ ಇಟ್ಟು ಯಾವುದಕ್ಕ ಕ್ರಿಮಿ ಬಗ್ಗತೈತಿ ಅಂತ ನೋಡತಾರ. ರಿಪೋರ್ಟಿನ್ಯಾಗ ಎಷ್ಟೋ ಔಷಧಿ ಮುಂದ "ಆರ್" ಅಂತ ಇತ್ತು. ಬಗ್ಗೂದಿಲ್ಲ ಅಂತ ಅದರರ್ಥ. ಅರ್ಧಂಬರ್ಧ ಗುಳಿಗಿ ನುಂಗಿದ್ರ ಕ್ರಿಮಿ ಸಾಯೂದಿಲ್ಲ, ಕಲೀತೈತಿ ಅಂತ ಫ್ಲೆಮಿಂಗ್ 1945ರಾಗ ನೊಬೆಲ್ ತಗೊಳ್ಳೂವಾಗನ ಹೇಳಿದ್ದ. ಒಂದು ಔಷಧಿಗೆ ಬಗ್ತು, ಕಾಲು ಉಳೀತು. ಬೆರಳು ತಗದ್ರು.

ಆಯಿ ಇದ್ದಿದ್ರ ನಾಲ್ಕನೇ ದಿನ ಗಾಡಿ ಹೂಡಸತಿದ್ಲು. ಸಕ್ಕರಿ ಬ್ಯಾನಿ ಗೊತ್ತಿದ್ರ ಒಂದನೇ ದಿನನ ಕಳಸತಿದ್ಲು. ಆಯಿ ತಪ್ಪಲ ನಮಗ ನೆನಪಿತ್ತು. ಕುದಿಸಿದ ನೀರು, ತೊಳದ ಕಲ್ಲು, ಬಿಸಿಲಿಗೆ ಒಣಗಿಸಿದ ಅರಿವಿ, ಮೂರು ದಿನದ ಲೆಕ್ಕ ನೆನಪಿರಲಿಲ್ಲ. ಅರ್ಧ ವಿದ್ಯಾ ಇಟ್ಟುಕೊಂಡು ಪೂರಾ ಐತಿ ಅಂತ ತಿಳಕೊಂಡಿದ್ವಿ. ಆಯಿ ಕಾಲದಾಗ ಬೆಟಗೇರಿಗೆ ಗಾಡಿ ಹೂಡಬೇಕಿತ್ತು. ನಮಗ 2015ರಿಂದ ಊರ ಹದ್ದಿನಾಗನ ಸರಕಾರಿ ಮೆಡಿಕಲ್ ಕಾಲೇಜ ಐತಿ. ದೂರದ ನೆಪ ಸುದ್ದಾ ನಮಗ ಇದ್ದಿಲ್ಲ.

ಗುಡ್ಡ ಉಳಿದದ್ದು, ಹೆಸರು ಉಳಿಬೇಕಾದದ್ದು

ಬಾಯಿಮಾತಿನ ವಿದ್ಯಾಕ್ಕ ಕಾಗದ ಬೇಕು ಅನ್ನೋದನ್ನ ದೇಶನೂ ಒಮ್ಮೆ ಕಲೀತು. 1995ರಾಗ ಅಮೆರಿಕದ ಮಿಸಿಸಿಪಿ ಯುನಿವರ್ಸಿಟಿಯವರಿಗೆ ಅರಿಷಿಣ ಗಾಯ ಮಾಯಿಸತೈತಿ ಅನ್ನೋದರ ಮ್ಯಾಲೆ ಪೇಟೆಂಟ್ ಸಿಕ್ತು. ನಮ್ಮ ಸಿ.ಎಸ್.ಐ.ಆರ್. ತಕರಾರು ಮಾಡ್ತು. "ನಮ್ಮ ಅವ್ವ ಹಚ್ಚತಿದ್ಲು" ಅಂದ್ರ ಅಲ್ಲಿ ನಡಿಯೂದಿಲ್ಲ, ಬರವಣಿಗಿ ಬೇಕು. ಸಂಸ್ಕೃತದ ಹಳೇ ಪುಸ್ತಕ, 1953ರ ವೈದ್ಯರ ಪತ್ರಿಕಿ ಲೇಖನ ಹಿಂಗ 32 ಪುರಾವಿ ಕೊಟ್ರು. 1997ರಾಗ ಪೇಟೆಂಟ್ ರದ್ದಾತು. ಅದರ ಮ್ಯಾಲೆ 2001ರಿಂದ ಹಳೇ ಗ್ರಂಥದ ಔಷಧಿಗಳನ್ನೆಲ್ಲಾ ಕಂಪ್ಯೂಟರಿನ್ಯಾಗ ಬರದಿಡೋ ಕೆಲಸ ಸುರು ಮಾಡಿದ್ರು. ಗ್ರಂಥದಾಗಿದ್ದದ್ದು ಅಲ್ಲಿ ಸೇರಿತು. ಆಯಿ ಬಾಯಾಗಿದ್ದದ್ದು ಎಲ್ಲಿ ಸೇರಬೇಕು?

ಇನ್ನ ಗುಡ್ಡ. ಎಪ್ಪತ್ತು ಗಿರಿ ನೋಡೂಕಿಂತ ಕಪ್ಪತಗಿರಿ ನೋಡು ಅಂತ ನಮ್ಮ ಕಡೆ ಗಾದಿ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕಿನಾಗ ಹಬ್ಬಿದ ಆ ಗುಡ್ಡದ ಒಡಲಾಗ ಬಂಗಾರ, ಕಬ್ಬಿಣದ ಅದಿರೂ ಐತಿ, ಅದ ಅದಕ್ಕ ಕುತ್ತು. 2015ರ ಡಿಸೆಂಬರಿನ್ಯಾಗ ಸರಕಾರ ಅದನ್ನ ಸಂರಕ್ಷಿತ ಪ್ರದೇಶ ಮಾಡ್ತು, 2016ರ ನವೆಂಬರಿನ್ಯಾಗ ಆ ಆದೇಶ ವಾಪಸ್ ತಗೊಂತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಾಗ ಜನ ಧರಣಿ ಕುಂತ್ರು. 2017ರ ಏಪ್ರಿಲಿನ್ಯಾಗ ಮತ್ತ ಸಂರಕ್ಷಣಿ ಬಂತು, 2019ರಾಗ 244 ಚದರ ಕಿಲೋಮೀಟರಿನಷ್ಟು ಜಾಗ ವನ್ಯಜೀವಿ ಧಾಮ ಆತು. ಅದಕ್ಕ ಈಗ ಅಲ್ಲಿ ಬೇರು ಕೀಳಬ್ಯಾಡ್ರಿ. ತಪ್ಪಲ ಹರದ್ರ ಗಿಡ ಚಿಗೀತೈತಿ, ಬೇರು ಕಿತ್ರ ಗಿಡನ ಹೋತು. ತುಳಸಿ, ಆಡುಸೋಗಿ, ಲಕ್ಕಿ, ಅಮೃತಬಳ್ಳಿ ಹಿತ್ತಲದಾಗ ಹಚ್ಚಿದ್ರ ಬರತಾವ.

ದೀಪಾವಳಿ ಮುಗದ ಮರುದಿನ ನಾವು ಮೂರೂ ಮಂದಿ ಕುಂತು ಒಂದು ವಹಿ ಮಾಡಿದ್ವಿ. ಚಿಗವ್ವ ಹೇಳಿದ್ಲು, ನಾನು ಬರದೆ, ಅಣ್ಣನ ಮಗಳು ಪುಸ್ತಕದ ಹೆಸರು ಹಚ್ಚಿದ್ಲು. ಒಂದೊಂದು ಗಿಡಕ್ಕ ನಾಲ್ಕು ಸಾಲು: ನಮ್ಮ ಹೆಸರು, ಎದಕ್ಕ ಹಚ್ಚತಿದ್ರು, ಹೆಂಗ ಸ್ವಚ್ಛ ಮಾಡತಿದ್ರು, ಯಾವಾಗ ಬಿಟ್ಟು ದವಾಖಾನಿಗೆ ಹೋಗಬೇಕು. ನಾಲ್ಕನೇ ಸಾಲು ಚಿಗವ್ವ ತಾನ ಹೇಳಿದ್ದು. "ಅದನ್ನ ದೊಡ್ಡ ಅಕ್ಷರದಾಗ ಬರಿ" ಅಂದ್ಲು.

ಆ ಕರೀ ಬೇರಿನ ಹಾಳಿ ಮಾತ್ರ ಖಾಲಿ ಐತಿ. ಮುರದ್ರ ಒಳಗ ಹಳದಿ, ನಾಲಿಗಿಗೆ ಮುಟ್ಟಿಸಿಲ್ಲ. ನಿಮ್ಮ ಮನ್ಯಾಗ ಎಂಬತ್ತು ದಾಟಿದ ಹಿರ್ಯಾರು ಯಾರರ ಇದ್ರ ಮಲ್ಲಸಮುದ್ರದ ಕಡೆ ಬಂದಾಗ ಕರಕೊಂಡು ಬರ್ರಿ, ತೋರಸತೇವಿ. ಅವರು ಇರೋದರಾಗ ಕೇಳಬೇಕು.